ಸೋಡಾ ಕೆಗ್‌ಗೆ ಯಾವ ರೆಗ್ಯುಲೇಟರ್? ನಾಲ್ಕನ್ನು ಹಾಕಿ ನೋಡಿದೆ

ನಮ್ಮ ಮನೆಯ ಹಳೆ ಫ್ರಿಜ್‌ನೊಳಗೆ 19 ಲೀಟರಿನ ಸ್ಟೀಲ್ ಕೆಗ್, ಅಂದರೆ ಒತ್ತಡ ತಡೆಯುವ ಪೀಪಾಯಿ, ಕೂತಿದೆ, ಬಾಗಿಲಿಗೆ ಒಂದು ನಲ್ಲಿ ಇದೆ. ನೋಡಿದವರೆಲ್ಲ ಮೊದಲು ಕೇಳುವುದು, "ಬಿಯರಾ ಮಾರಾಯ್ರೆ?" ಸಾಮಾನೆಲ್ಲ ಡ್ರಾಫ್ಟ್ ಬಿಯರಿನದ್ದೇ, ಸುಳ್ಳು ಹೇಳುವುದಿಲ್ಲ. ಆದರೆ ಒಳಗಿರುವುದು ಬರೀ ಸೋಡಾ ನೀರು. ಪುನರ್ಪುಳಿ ಶರಬತ್ತನ್ನು ಗ್ಲಾಸಿಗೆ ಹಾಕಿಕೊಂಡು, ಮೇಲಿಂದ ಸೋಡಾ ಬಿಡುತ್ತೇವೆ. ಮಂಗಳೂರಿನ ಏಪ್ರಿಲ್ ಮಧ್ಯಾಹ್ನಕ್ಕೆ ಅದಕ್ಕಿಂತ ಬೇರೇನು ಬೇಕು?

ಕೆಗ್, ನಲ್ಲಿ, ಪೈಪ್ ಎಲ್ಲ ಬೇಗ ಸಿಕ್ಕಿತು. ತಲೆ ತಿಂದದ್ದು ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗ್ಯಾಸಿನ ಒತ್ತಡ ಇಳಿಸಿ ಕೆಗ್‌ಗೆ ಬಿಡುವ ಸಾಧನ. ಎರಡು ಗೇಜ್ ಇದ್ದರೆ ಒಂದು ಸಿಲಿಂಡರ್ ಕಡೆಯದ್ದು, ಎರಡನೆಯದ್ದು ಹೊರಗೆ ಬರುವ ಗ್ಯಾಸಿನದ್ದು.

ಸಿಲಿಂಡರಿನೊಳಗೆ ಕಾರ್ಬನ್ ಡೈಆಕ್ಸೈಡಿನ ಒತ್ತಡ 20 ಡಿಗ್ರಿಯಲ್ಲಿ ಸುಮಾರು 57 ಬಾರ್, 30 ಡಿಗ್ರಿಯಲ್ಲಿ 72. ಕೆಗ್‌ಗೆ ಬೇಕಾದದ್ದು, 4 ಡಿಗ್ರಿ ತಂಪಿನಲ್ಲಿ, ಸೋಡಾಕ್ಕೆ 30 ಪಿಎಸ್‌ಐ, ಅಂದರೆ ಎರಡು ಬಾರ್‌ಗಿಂತ ಸ್ವಲ್ಪ ಮೇಲೆ. ಬಿಯರ್ ಆದರೆ 10ರಿಂದ 12 ಸಾಕು. ಎಪ್ಪತ್ತನ್ನು ಎರಡಕ್ಕೆ ಇಳಿಸಿ, ರಾತ್ರಿಯಿಡೀ ಎರಡರಲ್ಲೇ ನಿಲ್ಲಿಸಬೇಕು. ಇಳಿಸುವುದನ್ನು ಎಲ್ಲವೂ ಮಾಡುತ್ತವೆ. ನಿಲ್ಲಿಸುವುದೇ ಕಷ್ಟ. ಹಾಗಾಗಿ ನಾನು ಎಲ್ಲದಕ್ಕೂ ಒಂದೇ ಪರೀಕ್ಷೆ ಇಟ್ಟೆ: 30ಕ್ಕೆ ಸೆಟ್ ಮಾಡಿ, ಕೆಗ್ ಕಡೆಯ ವಾಲ್ವ್ ಮುಚ್ಚಿ, ಬೆಳಿಗ್ಗೆ ಮುಳ್ಳು ಎಲ್ಲಿದೆ ಅಂತ ನೋಡುವುದು.

ಮೊದಲು ತಂದದ್ದು ವೆಲ್ಡಿಂಗ್‌ನವರು ಬಳಸುವ ರೆಗ್ಯುಲೇಟರ್. ಬಂದರಿನ ಅಂಗಡಿಯೊಂದರಲ್ಲಿ "ಅದೂ ಸಿಒಟು, ಇದೂ ಸಿಒಟು" ಅಂದರು. ಮನೆಗೆ ಬಂದು ನೋಡಿದರೆ ಎರಡನೇ ಗೇಜ್ ತೋರಿಸುವುದು ಒತ್ತಡವನ್ನಲ್ಲ, ನಿಮಿಷಕ್ಕೆ ಎಷ್ಟು ಲೀಟರ್ ಗ್ಯಾಸ್ ಹೋಗುತ್ತದೆ ಅಂತ. ವೆಲ್ಡಿಂಗಿಗೆ ಬೇಕಾದದ್ದು ಅದೇ, ನನಗಲ್ಲ. ಬದಲಾಯಿಸಿ ಒತ್ತಡದ ಗೇಜ್ ಇರುವುದನ್ನು ತಂದೆ. ಅದರಲ್ಲಿ ಸೊನ್ನೆಯಿಂದ 10 ಕೆಜಿವರೆಗೆ ಗೀಟು (ಇಲ್ಲಿ ಕೆಜಿ ಅಂದರೆ ಒತ್ತಡ, ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಅಂತ; ಒಂದು ಕೆಜಿ ಹೆಚ್ಚುಕಡಿಮೆ ಒಂದು ಬಾರ್). ನನಗೆ ಬೇಕಾದ 2 ಕೆಜಿ ಮೂಲೆಯಲ್ಲೆಲ್ಲೋ ಇದೆ. ತಿರುಪನ್ನು ಒಂದು ಕೂದಲೆಳೆ ತಿರುಗಿಸಿದರೂ ಮುಳ್ಳು ಹಾರುತ್ತದೆ. ನನ್ನ ಕೆಗ್ ಮೇಲೆ ಬರೆದಿರುವ ಮಿತಿ 130 ಪಿಎಸ್‌ಐ, ಅಂದರೆ ಸುಮಾರು 9 ಕೆಜಿ. ಈ ರೆಗ್ಯುಲೇಟರ್ ಅದನ್ನೂ ದಾಟಬಲ್ಲದು! ರಾತ್ರಿ 30 ಪಿಎಸ್‌ಐ ಹತ್ತಿರ ಬಿಟ್ಟದ್ದು ಬೆಳಿಗ್ಗೆ 42ರ ಹತ್ತಿರ ಇತ್ತು. ಒಳಗಿನ ಸೀಟಿನಲ್ಲಿ (ವಾಲ್ವ್ ಕೂತು ಮುಚ್ಚಿಕೊಳ್ಳುವ ಜಾಗ) ಧೂಳಿನ ಕಣ ಸಿಕ್ಕಿಕೊಂಡರೂ ಹೀಗೆ ಒತ್ತಡ ತೆವಳುತ್ತಾ ಏರುತ್ತದೆ. ತಪ್ಪು ನನ್ನದೂ ಇರಬಹುದು. ಜೋಡಿಸುವ ಮೊದಲು ಸಿಲಿಂಡರಿನ ವಾಲ್ವನ್ನು ಅರೆಕ್ಷಣ ತೆರೆದು ಧೂಳು ಹಾರಿಸಬೇಕು. ಆಗ ನನಗೆ ಅದು ಗೊತ್ತಿರಲಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತಿರುಪಿಗೆ ತುಕ್ಕು ಬೇರೆ. ಸಮುದ್ರದ ಗಾಳಿ ಅಲ್ವಾ.

ಅಕ್ವೇರಿಯಂ ರೆಗ್ಯುಲೇಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಂದ ಇದೆ, ಕರೆಂಟಿನಲ್ಲಿ ತೆರೆದು ಮುಚ್ಚುವ ವಾಲ್ವ್ ಇದೆ, ಗುಳ್ಳೆ ಎಣಿಸುವ ಗಾಜಿನ ನಳಿಗೆ ಇದೆ. ಅದು ಗಿಡಗಳಿಗೆ ಗುಳ್ಳೆ ಗುಳ್ಳೆಯಾಗಿ ಗ್ಯಾಸ್ ಕೊಡಲು ಮಾಡಿದ್ದು. ನನ್ನದರಲ್ಲಿ ಒತ್ತಡ ಕಂಪನಿಯಲ್ಲೇ ಸೆಟ್ ಆಗಿ ಬಂದಿತ್ತು, ಬದಲಿಸಲು ತಿರುಪೇ ಇಲ್ಲ. ಅಲ್ಲಿಗೆ ಮುಗಿಯಿತು.

ಮಿನಿ ರೆಗ್ಯುಲೇಟರ್ ಮೇಲೆ ನನಗೆ ಸ್ವಲ್ಪ ಪ್ರೀತಿ ಇದೆ. ಮುಷ್ಟಿಯೊಳಗೆ ಹಿಡಿಯುತ್ತದೆ, 16 ಗ್ರಾಂ ಗ್ಯಾಸ್ ತುಂಬಿದ ಪುಟ್ಟ ಕಾರ್ಟ್ರಿಜ್ ತಿರುಗಿಸಿದರೆ ಆಯಿತು. ರಾತ್ರಿಯ ಪರೀಕ್ಷೆಯಲ್ಲೂ ಎರಡು ಪಿಎಸ್‌ಐ ಮಾತ್ರ ಏರಿತು. ಆದರೆ ಲೆಕ್ಕ ಹಾಕಿ. 19 ಲೀಟರ್ ನೀರನ್ನು ಒಳ್ಳೆ ಖಾರದ ಸೋಡಾ ಮಾಡಲು 150 ಗ್ರಾಂ ಹತ್ತಿರ ಗ್ಯಾಸ್ ಬೇಕು. ಒಂಬತ್ತು ಹತ್ತು ಕಾರ್ಟ್ರಿಜ್! ನಾಲ್ಕು ಲೀಟರಿನ ಪುಟ್ಟ ಕೆಗ್ ಹಿಡಿದು ಪಣಂಬೂರು ಬೀಚಿಗೆ ಹೋಗುವವರಿಗೆ ಸರಿ. ಕೇಕಿನ ಕ್ರೀಮ್ ನೊರೆ ಮಾಡಲು ಬರುವ ಕಾರ್ಟ್ರಿಜ್ ನೋಡಲು ಇದರ ತಮ್ಮನ ಹಾಗಿರುತ್ತದೆ. ಅದರಲ್ಲಿರುವುದು ನೈಟ್ರಸ್ ಆಕ್ಸೈಡ್, ಸೋಡಾಕ್ಕೆ ಬೇಡ.

ಕೊನೆಗೆ ಉಳಿದದ್ದು ಬಿಯರಿನ ಎರಡು ಗೇಜಿನ ರೆಗ್ಯುಲೇಟರ್. ಭಾವ ದುಬೈಯಿಂದ ಬರುವಾಗ ತಂದುಕೊಟ್ಟರು. ವೆಲ್ಡಿಂಗಿನದ್ದಕ್ಕಿಂತ ಮೂರು ಪಟ್ಟು ಬೆಲೆ. ಜೊತೆಗೆ ಮೊದಲ ದಿನವೇ ನಿರಾಸೆ: ಅದರ ನಟ್ ನಮ್ಮ ಸಿಲಿಂಡರಿಗೆ ಕೂರಲಿಲ್ಲ. ಲೇತಿನವರು "ಅರ್ಧ ಗಂಟೆಯಲ್ಲಿ ಅಡಾಪ್ಟರ್ ಮಾಡಿಕೊಡ್ತೇನೆ" ಅಂದರು. 70 ಬಾರ್ ತಡೆಯಬೇಕಾದ ಜಾಗ ಅದು, ಬೇಡ ಅಂದೆ. ರೆಡಿಮೇಡ್ ಅಡಾಪ್ಟರ್‌ಗೆ ಮೂರು ವಾರ ಕಾದೆ. ಇಲ್ಲಿ ಟೆಫ್ಲಾನ್ ಟೇಪ್ ಸುತ್ತಬಾರದು, ಗ್ಯಾಸ್ ತಡೆಯುವುದು ಒಳಗಿನ ಚಪ್ಪಟೆ ವಾಷರ್. ನಮ್ಮ ಪ್ಲಂಬರಿಗೆ ಇದನ್ನು ನಂಬಿಸಲು ಆಗಲೇ ಇಲ್ಲ.

ಆಮೇಲೆ? ಸೊನ್ನೆಯಿಂದ 60 ಪಿಎಸ್‌ಐವರೆಗಿನ ಗೇಜ್, 30 ನಟ್ಟನಡುವೆ. ಬೆಳಿಗ್ಗೆ ನೋಡಿದರೆ ಮುಳ್ಳು ಅಲ್ಲೇ. ಮರುದಿನವೂ ಅಲ್ಲೇ. ಒತ್ತಡ ಮಿತಿ ಮೀರಿದರೆ ತಾನೇ ಬಿಡುವ ಸೇಫ್ಟಿ ವಾಲ್ವ್ ಇದೆ. ಕೆಗ್‌ನ ನೀರು ಹಿಂದಕ್ಕೆ ಬಂದು ರೆಗ್ಯುಲೇಟರ್ ಹಾಳಾಗದ ಹಾಗೆ ಒಂದು ಚೆಕ್ ವಾಲ್ವ್ ಇದೆ. ವೆಲ್ಡಿಂಗಿನದ್ದರಲ್ಲಿ ಇದು ಇರಲಿಲ್ಲ.

ಆದರೆ ಸಿಲಿಂಡರಿನ ಒತ್ತಡ ತೋರಿಸುವ ಇನ್ನೊಂದು ಗೇಜ್ ನೋಡಿ ಎಷ್ಟು ಗ್ಯಾಸ್ ಉಳಿದಿದೆ ಅಂತ ಅಳೆಯಬೇಡಿ. ಸಿಲಿಂಡರ್ ಫ್ರಿಜ್‌ನೊಳಗಿದ್ದರೆ 40 ಬಾರ್ ಹತ್ತಿರ, ಹೊರಗಿಟ್ಟರೆ 70 ದಾಟುತ್ತದೆ. ಗ್ಯಾಸ್ ಅಷ್ಟೇ ಇರುತ್ತದೆ! ದ್ರವ ಪೂರ್ತಿ ಆವಿಯಾದ ಮೇಲಷ್ಟೇ ಮುಳ್ಳು ನಿಜವಾಗಿ ಇಳಿಯುವುದು, ಅಷ್ಟು ಹೊತ್ತಿಗೆ ಗ್ಯಾಸ್ ಬಹಳಷ್ಟು ಮುಗಿದಿರುತ್ತದೆ. ತೂಕ ಹಾಕಿ ನೋಡುವುದೇ ಸರಿ.

ಇನ್ನೊಂದು. 2 ಕೆಜಿ ಸಿಲಿಂಡರ್ ಪೂರ್ತಿ ಸೋರಿದರೆ ಸಾವಿರ ಲೀಟರಿಗೂ ಜಾಸ್ತಿ ಗ್ಯಾಸ್. ಹತ್ತಡಿ ಉದ್ದ, ಅಗಲ, ಎತ್ತರದ ಅಡುಗೆಮನೆಯ ಗಾಳಿಯಲ್ಲಿ ಅದು ಸುಮಾರು ನಾಲ್ಕು ಶೇಕಡ, ಪ್ರಾಣಕ್ಕೇ ಅಪಾಯ. ವಾಸನೆಯೂ ಬರುವುದಿಲ್ಲ. ಹಾಗಾಗಿ ನಮ್ಮ ಸಿಲಿಂಡರ್ ಹಿಂದಿನ ಜಗಲಿಯಲ್ಲಿ, ನೆಟ್ಟಗೆ, ಚೈನ್ ಹಾಕಿ ನಿಂತಿದೆ. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಪ್ರತಿ ಸಲ ಸಿಲಿಂಡರ್ ಬದಲಿಸಿದಾಗ ಸಾಬೂನು ನೀರು ಹಚ್ಚಿ ಗುಳ್ಳೆ ನೋಡುತ್ತೇನೆ.

ಅಕ್ವೇರಿಯಂನದ್ದು ಈಗ ಮೇಲಿನ ಮನೆಯ ಹುಡುಗನ ಮೀನಿನ ತೊಟ್ಟಿಗೆ ಹೋಗಿದೆ. ಮಿನಿ ನನ್ನ ಬ್ಯಾಗಿನಲ್ಲೇ ಇರುತ್ತದೆ. ವೆಲ್ಡಿಂಗಿನದ್ದನ್ನು ಯಾರಿಗೂ ಕೊಡಲು ಮನಸ್ಸಾಗಲಿಲ್ಲ, ಗುಜರಿಗೆ ಹಾಕಿದೆ.