ಸಣ್ಣ ಕ್ಲಬ್ಬಿನ ಲೆಕ್ಕ ಓದಲು ಕಂಪನೀಸ್ ಹೌಸ್ ಜಾಲತಾಣ: ಬಳಕೆ ಹೇಗೆ, ಕೊರತೆ ಎಲ್ಲಿ

ಇಂಗ್ಲೆಂಡಿನ ಕೆಳ ಡಿವಿಷನ್‌ಗಳ ಫುಟ್‌ಬಾಲ್ ಕ್ಲಬ್ಬುಗಳ ಹಣಕಾಸು ತಿಳಿಯಲು ಬ್ರಿಟಿಷ್ ಸರ್ಕಾರದ ಈ ಕಂಪನಿ ನೋಂದಣಿ ತಾಣಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಪೂರ್ತಿ ಉಚಿತ, ಲಾಗಿನ್ ಬೇಡ. ಕ್ಲಬ್ಬಿನ ಹೆಸರು ಹುಡುಕಿ, 'ಫೈಲಿಂಗ್ ಹಿಸ್ಟರಿ'ಯಲ್ಲಿ 'ಅಕೌಂಟ್ಸ್' ಟಿಕ್ ಮಾಡಿದರೆ ವರ್ಷವಾರು ಪಿಡಿಎಫ್ ಸಿಗುತ್ತದೆ. ತಂಡ ಒಂದು ಕಂಪನಿಯಲ್ಲಿ, ಮೈದಾನ ಇನ್ನೊಂದರಲ್ಲಿ ಇರುವುದುಂಟು, ಎರಡನ್ನೂ ತೆರೆಯಿರಿ.

ದೊಡ್ಡ ಕೊರತೆ: ಸಣ್ಣ ಕಂಪನಿಯ ರಿಯಾಯಿತಿ ಪಡೆದ ಕ್ಲಬ್ಬುಗಳು ಲಾಭ-ನಷ್ಟದ ಪಟ್ಟಿ ಬಿಟ್ಟು ಬರೀ ಬ್ಯಾಲೆನ್ಸ್ ಶೀಟ್ (ಆಸ್ತಿ-ಸಾಲದ ಪಟ್ಟಿ) ಹಾಕುತ್ತವೆ. ಸಂಬಳ, ಟಿಕೆಟ್ ಆದಾಯ ಕಾಣುವುದಿಲ್ಲ. ಆದರೂ ದಾರಿಯಿದೆ. ಬ್ಯಾಲೆನ್ಸ್ ಶೀಟಿನಲ್ಲೇ ಇರುವ, ಈವರೆಗಿನ ಒಟ್ಟು ಲಾಭ-ನಷ್ಟ ತೋರಿಸುವ 'ಪ್ರಾಫಿಟ್ ಅಂಡ್ ಲಾಸ್' ಸಾಲಿನಲ್ಲಿ ಹಿಂದಿನ ವರ್ಷ ಮೈನಸ್ 40 ಲಕ್ಷ ಪೌಂಡ್, ಈ ವರ್ಷ ಮೈನಸ್ 52 ಲಕ್ಷ ಇದ್ದರೆ ವರ್ಷದ ನಷ್ಟ ಸುಮಾರು 12 ಲಕ್ಷ. 'ಗೋಯಿಂಗ್ ಕನ್ಸರ್ನ್' ಟಿಪ್ಪಣಿ ತಪ್ಪದೆ ಓದಿ. ಮಾಲೀಕ ಕೈಬಿಟ್ಟರೆ ಕ್ಲಬ್ ಉಳಿಯುತ್ತದೆಯೇ ಎಂಬ ಸುಳಿವು ಅಲ್ಲಿರುತ್ತದೆ.

ನನ್ನ ಮಟ್ಟಿಗೆ 'ಚಾರ್ಜಸ್' ಟ್ಯಾಬ್ ಚಿನ್ನ. ಆಸ್ತಿ ಯಾರಿಗೆ ಅಡಮಾನ, ಯಾವ ದಿನ ಎಂಬುದೆಲ್ಲ ಅಲ್ಲಿ ದಾಖಲು. 2019ರ ಆಗಸ್ಟ್‌ನಲ್ಲಿ ಇಂಗ್ಲಿಷ್ ಫುಟ್‌ಬಾಲ್ ಲೀಗ್ ಹೊರಹಾಕಿದ ಬೆರಿ ಎಫ್‌ಸಿ ಕ್ಲಬ್ಬಿನ ಗಿಗ್ ಲೇನ್ ಮೈದಾನ ಅಡಮಾನದಲ್ಲಿತ್ತು. ಅಭಿಮಾನಿಗಳು ಇದನ್ನು ಮೊದಲೇ ನೋಡಬೇಕು.

ಖಾಸಗಿ ಕಂಪನಿಗೆ ಲೆಕ್ಕ ಸಲ್ಲಿಸಲು ಹಣಕಾಸು ವರ್ಷ ಮುಗಿದ ಮೇಲೆ 9 ತಿಂಗಳ ಗಡುವು, ಹಾಗಾಗಿ ಅಂಕಿ ಹಳತು. ಉಚಿತ ಖಾತೆ ತೆರೆದು 'ಫಾಲೋ' ಒತ್ತಿದರೆ ಹೊಸ ಕಡತ ಬಂದಾಗ ಇಮೇಲ್ ಬರುತ್ತದೆ.