ಮರದ ಬಟ್ಟಲು, ರೋಲರ್, ಬಾಗಿದ ಹಲಗೆ: ಮನೆಯ ಮಸಾಜ್‌ಗೆ ಯಾವುದು ಒಳ್ಳೆಯದು?

ತೊಡೆ, ಸೊಂಟ ಮತ್ತು ಹೊಟ್ಟೆಯ ಭಾಗಕ್ಕೆ ಮರದ ಸಾಧನಗಳಿಂದ ಮನೆಯಲ್ಲಿಯೇ ಮಸಾಜ್ ಮಾಡಿಕೊಳ್ಳಬೇಕೆಂದಿರುವವರು ಒಂದೇ ಸಾಧನವನ್ನು ಕೊಳ್ಳುವುದಾದರೆ ಮರದ ಬಟ್ಟಲನ್ನೇ ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಲಂಬಿಯಾದಲ್ಲಿ ಜನಪ್ರಿಯವಾಗಿ, ಮಡೆರೋಥೆರಪಿ ಎಂಬ ಹೆಸರಿನಲ್ಲಿ ಹೊರಗೂ ಹರಡಿರುವ ಈ ಪದ್ಧತಿಯ ಇಡೀ ಸೆಟ್ಟನ್ನು ನಾನು ಕೊಂಡಿದ್ದೆ. ಅದರಲ್ಲಿ ಈಗ ದಿನಬಳಕೆಯಲ್ಲಿ ಉಳಿದಿರುವುದು ಬಟ್ಟಲು ಮಾತ್ರ.

ಈ ಮಸಾಜ್‌ನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಸ್ಪಷ್ಟವಾಗಿದ್ದರೆ ಆಯ್ಕೆ ಸುಲಭವಾಗುತ್ತದೆ. ಚರ್ಮವನ್ನು ಕೆಳಗಿನ ಪದರಕ್ಕೆ ಬಿಗಿದಿರುವ ನಾರಿನ ಎಳೆಗಳು ಒಳಕ್ಕೆ ಜಗ್ಗಿ, ಅವುಗಳ ನಡುವಿನ ಕೊಬ್ಬು ಮೇಲಕ್ಕೆ ಉಬ್ಬಿದಾಗ ಕಾಣುವ ತಗ್ಗು-ದಿಣ್ಣೆಗಳೇ ಸೆಲ್ಯುಲೈಟ್. ಪ್ರೌಢ ವಯಸ್ಸಿನ ಬಹುಪಾಲು ಹೆಂಗಸರಲ್ಲಿ ಅದು ಸಹಜವಾಗಿಯೇ ಇರುತ್ತದೆ. ಯಾವ ಮರದ ತುಂಡೂ ಆ ಎಳೆಗಳನ್ನು ಕಡಿಯುವುದಿಲ್ಲ, ಕೊಬ್ಬನ್ನು ಕರಗಿಸುವುದೂ ಇಲ್ಲ. ರಕ್ತಸಂಚಾರ ಹೆಚ್ಚಿ, ಅಂಗಾಂಶದಲ್ಲಿ ನಿಂತ ನೀರು ಸ್ವಲ್ಪ ಸರಿದು, ಚರ್ಮ ಕೆಲಕಾಲ ನಯವಾಗಿ ಕಾಣುತ್ತದೆ. ಪರಿಣಾಮವೇ ಅಲ್ಪಕಾಲದ್ದಾಗಿರುವಾಗ, ಬೇಸರವಿಲ್ಲದೆ ಮತ್ತೆ ಮತ್ತೆ ಕೈಗೆತ್ತಿಕೊಳ್ಳುವಂತಹ ಸಾಧನವೇ ಗೆಲ್ಲುತ್ತದೆ.

ಚೌಕ ಹಲ್ಲುಗಳ ರೋಲರ್ ಸೋತದ್ದು ಇಲ್ಲಿಯೇ. ಉರುಳಿಸುವಾಗ ಅದು ಕೊಡುವ ಹಿತ ನಿಜವಾದದ್ದು. ನಡೆದು ದಣಿದ ತೊಡೆಗೆ ಅದಕ್ಕಿಂತ ಹಿತವಾದುದು ಈ ಸೆಟ್ಟಿನಲ್ಲಿ ಇನ್ನೊಂದಿಲ್ಲ. ಆದರೆ ಅದರ ತೊಂದರೆ ಇರುವುದು ಗಾಲಿಗಳು ಸುತ್ತುವ ನಡುಗಡ್ಡಿಯಲ್ಲಿ. ಮಸಾಜ್‌ಗೆ ಎಣ್ಣೆ ಬೇಕೇ ಬೇಕು, ಆ ಎಣ್ಣೆ ಗಾಲಿಗಳ ಸಂದಿಯೊಳಗೆ ಇಳಿಯುತ್ತದೆ, ಅದರ ಜೊತೆಗೆ ಚರ್ಮದ ಸತ್ತ ಪದರವೂ ಸಣ್ಣ ಕೂದಲೂ ಸೇರಿ ಕಂದು ಬಣ್ಣದ ಅಂಟು ಕೂರುತ್ತದೆ. ಬಟ್ಟೆಯಿಂದ ಒರೆಸಿದರೆ ಮೇಲ್ಮೈ ಮಾತ್ರ ಶುಚಿಯಾಗುತ್ತದೆ. ನನ್ನ ರೋಲರಿನ ಗಾಲಿಗಳನ್ನು ಕಡ್ಡಿಯಿಂದ ಬಿಚ್ಚಲು ಬರುತ್ತಿರಲಿಲ್ಲವಾದ್ದರಿಂದ ಒಳಗಿನ ಕೊಳೆ ಹಾಗೆಯೇ ಉಳಿಯುತ್ತಿತ್ತು. ಸಾಬೂನು ನೀರಿನಲ್ಲಿ ತೊಳೆದಾಗ ಮರ ನೀರು ಹೀರಿ ಉಬ್ಬಿತು, ಎರಡು ಗಾಲಿಗಳು ಬಿಗಿದುಕೊಂಡು ಸುತ್ತುವುದನ್ನೇ ನಿಲ್ಲಿಸಿದವು.

ಒಣಗಿದ ಮೇಲೆ ಅವು ಸಡಿಲವಾದವು, ಆದರೆ ಮೊದಲಿನಂತೆ ಸಮನಾಗಿ ಕೂರಲಿಲ್ಲ. ಪಕ್ಕಪಕ್ಕದ ಗಾಲಿಗಳ ನಡುವೆ ಕೂದಲೆಳೆಯಷ್ಟು ಬಿರುಕು ಉಳಿದು, ಉರುಳಿಸಿದಾಗಲೆಲ್ಲ ತೊಡೆಯ ಒಳಭಾಗದ ಮೃದು ಚರ್ಮವನ್ನು ಚಿವುಟತೊಡಗಿತು. ಕೆಲವು ವಾರ ಬಿಟ್ಟು ತೆಗೆದಾಗ ಸಂದಿಗಳಿಂದ ಹಳೆಯ ಎಣ್ಣೆಯ ಕಮಟು ವಾಸನೆ ಬರುತ್ತಿತ್ತು. ಮೈಗೆ ತಾಗುವ ವಸ್ತುವಿನ ಒಳಭಾಗವನ್ನು ಕಣ್ಣಿನಿಂದ ನೋಡಿ ಶುಚಿ ಮಾಡಲಾಗದಿದ್ದರೆ ಅದನ್ನು ಬಳಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಬಾಗಿದ ಹಲಗೆಯಲ್ಲಿ ಈ ಕಾಟವಿಲ್ಲ. ಆದರೆ ಅದನ್ನು ಎರಡೂ ಕೈಗಳಲ್ಲಿ ಹಿಡಿದು ಎಳೆಯಬೇಕು. ತೊಡೆಯ ಹಿಂಭಾಗಕ್ಕೆ ಇನ್ನೊಬ್ಬರ ನೆರವಿಲ್ಲದೆ ಆಗದು.

ಬಟ್ಟಲು ಒಂದೇ ಮರದ ತುಂಡಿನಿಂದ ಕಡೆದದ್ದು. ಅದಕ್ಕೆ ಸಂದಿಯಿಲ್ಲ, ಕಡ್ಡಿಯಿಲ್ಲ. ಎಣ್ಣೆ ಸವರಿದ ಚರ್ಮದ ಮೇಲೆ ಬೋರಲಾಗಿಟ್ಟು ಜಾರಿಸಿದರೆ ಅಂಚು ಚರ್ಮವನ್ನು ಮುಂದಕ್ಕೆ ತಳ್ಳುತ್ತದೆ, ಬಾಯಿಯೊಳಗೆ ಅದು ಸಣ್ಣ ದಿಬ್ಬದಂತೆ ಏಳುತ್ತದೆ. ಒಂದೇ ಕೈ ಸಾಕಾಗುವುದರಿಂದ ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಹಿಡಿಯಬಹುದು. ಮೊಣಕಾಲಿನಿಂದ ತೊಡೆಸಂದಿಯ ಕಡೆಗೆ ಸಾಗುವುದು ನನ್ನ ರೂಢಿ, ಏಕೆಂದರೆ ಕಾಲಿನ ದುಗ್ಧರಸ, ಅಂದರೆ ಅಂಗಾಂಶಗಳಿಂದ ಹರಿದು ಬರುವ ತಿಳಿ ದ್ರವ (ಲಿಂಫ್), ಸೇರುವ ಗ್ರಂಥಿಗಳು ಇರುವುದು ಅಲ್ಲಿಯೇ. 1930ರ ದಶಕದಲ್ಲಿ ಎಮಿಲ್ ವೊಡರ್ ರೂಪಿಸಿದ ದುಗ್ಧರಸದ ಕೈಮಸಾಜ್‌ನಲ್ಲಿ ಒತ್ತಡ ಬಹಳ ಹಗುರ. ಚರ್ಮದಡಿಯ ಸೂಕ್ಷ್ಮ ನಾಳಗಳಿಗೆ ಅಷ್ಟೇ ಸಾಕು. ಮೈಮೇಲೆ ನೀಲಿ ಕಲೆಗಳು ಎದ್ದರೆ ಮಸಾಜ್ ಚೆನ್ನಾಗಿ ಆಗಿದೆ ಎಂದು ಹೇಳುವವರಿದ್ದಾರೆ. ಅದು ಸಣ್ಣ ರಕ್ತನಾಳಗಳು ಒಡೆದ ಗುರುತು, ಒತ್ತಡ ಹೆಚ್ಚಾಯಿತೆಂಬುದರ ಸೂಚನೆ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಕಾಲಿನ ರಕ್ತನಾಳಗಳು ಉಬ್ಬಿರುವವರು, ರಕ್ತ ಹೆಪ್ಪುಗಟ್ಟುವ ತೊಂದರೆಯಿದ್ದವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇವುಗಳಲ್ಲಿ ಯಾವುದನ್ನೂ ಬಳಸಬಾರದು.

ಸ್ನಾಯುಗಳ ದಣಿವಾರಿಸುವುದೇ ಮುಖ್ಯವಾದವರಿಗೆ, ಗಾಲಿಗಳನ್ನು ಬಿಚ್ಚಲು ಬರುವ ರೋಲರ್ ಸಿಕ್ಕರೆ ಅದು ಸರಿಹೋಗಬಹುದು. ನನ್ನಂತೆ ಸ್ನಾನಕ್ಕೆ ಮೊದಲು ಸ್ವಲ್ಪ ಹೊತ್ತು ಒಬ್ಬರೇ ಮಾಡಿಕೊಳ್ಳುವವರಿಗೆ ಇಡೀ ಸೆಟ್ಟಿನ ಖರ್ಚು ಬೇಕಿಲ್ಲ; ಆ ಹಣದ ಒಂದು ಭಾಗದಲ್ಲಿ ಒಳ್ಳೆಯ ಬಟ್ಟಲೇ ಬರುತ್ತದೆ. ಕೊಳ್ಳುವಾಗ ಅದರ ಅಂಚಿನ ಸುತ್ತ ಸ್ವಲ್ಪ ಹತ್ತಿಯನ್ನು ಉಜ್ಜಿ ನೋಡಬೇಕು. ಎಲ್ಲಿಯಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಮರ ಸಿಬಿರೆದ್ದಿದೆ ಎಂದರ್ಥ, ಬೇರೆಯದನ್ನು ಕೇಳಬೇಕು.