ಎಲೆಚುಕ್ಕೆಯೋ ಹಳದಿ ಎಲೆಯೋ: ರೋಗಪತ್ತೆ ಪ್ರಯೋಗಾಲಯವೊಂದರ ಸೇವೆ

ಕೊಪ್ಪ ತಾಲೂಕಿನ ನಮ್ಮ ಅಡಿಕೆ ತೋಟದಲ್ಲಿ ಕಳೆದ ಮಳೆಗಾಲದ ಕೊನೆಗೆ ಕೆಳಗಿನ ಸೋಗೆಗಳು ಹಳದಿಯಾಗಿ ಒಣಗತೊಡಗಿದಾಗ, ರೋಗ ಯಾವುದೆಂದು ತಿಳಿಯಲು ಸಮೀಪದ ಸಸ್ಯರೋಗ ಪ್ರಯೋಗಾಲಯಕ್ಕೆ ಮಾದರಿ ಒಯ್ದೆ. ಎಲೆಚುಕ್ಕೆ ಶಿಲೀಂಧ್ರದಿಂದ ಬರುವುದರಿಂದ ಸಿಂಪಡಣೆಯಿಂದ ಹತೋಟಿಗೆ ತರಬಹುದು. ಫೈಟೋಪ್ಲಾಸ್ಮಾ ಎಂಬ, ಗಿಡದೊಳಗೇ ಬದುಕುವ ಅತಿ ಸೂಕ್ಷ್ಮ ಬ್ಯಾಕ್ಟೀರಿಯಾದಿಂದ ಬರುವ ಹಳದಿ ಎಲೆ ರೋಗಕ್ಕೆ ಇಂದಿಗೂ ಔಷಧಿಯಿಲ್ಲ. ಗುರುತಿಸುವುದರಲ್ಲಿ ತಪ್ಪಿದರೆ ಔಷಧಿಯ ಹಣವೂ ಮರ ಹತ್ತಿ ಸಿಂಪಡಿಸುವ ಕೊನೆಗಾರರ ಕೂಲಿಯೂ ವ್ಯರ್ಥ.

ನಾನು ಒಯ್ದ ಪೂರ್ತಿ ಒಣಗಿದ ಸೋಗೆಯನ್ನು ಅಲ್ಲಿಯ ತಜ್ಞೆ ಸ್ವೀಕರಿಸಲಿಲ್ಲ. ಸತ್ತ ಭಾಗದಲ್ಲಿ ಬೇರೆ ಬೂಷ್ಟುಗಳೂ ಬೆಳೆದಿರುವುದರಿಂದ, ಹಸಿರು ಮತ್ತು ಕಲೆ ಒಂದಕ್ಕೊಂದು ತಾಗುವ ಗರಿಗಳನ್ನು ಕಾಗದದಲ್ಲಿ ಸುತ್ತಿ ಅಂದೇ ತರಬೇಕೆಂದು ವಿವರಿಸಿದರು. ಎರಡನೆಯ ಬಾರಿ ಅವರು ಕೇಳಿದ ಪ್ರಶ್ನೆಗಳೇ ಈ ಸೇವೆಯ ನಿಜವಾದ ಬೆಲೆ ಎಂದು ನನ್ನ ಅಭಿಪ್ರಾಯ: ಹಳದಿ ಬಣ್ಣ ಗರಿಯ ತುದಿಯಿಂದ ಶುರುವಾಗಿ ನಡುನರದ ಬದಿ ಹಸಿರಾಗಿಯೇ ಉಳಿದಿದೆಯೇ, ಕಾಯಿ ಒಡೆದರೆ ತಿರುಳು ಕಪ್ಪಾಗಿದೆಯೇ, ಬೇರಿನ ತುದಿ ಕೊಳೆತಿದೆಯೇ, ತೋಟದಲ್ಲಿ ನೀರು ನಿಲ್ಲುತ್ತದೆಯೇ. ಇವೆಲ್ಲ ಹಳದಿ ಎಲೆ ರೋಗವೋ ಅಲ್ಲವೋ ಎಂದು ತಿಳಿಯಲು ಕೇಳಿದವು. ನಮ್ಮ ಗರಿಗಳಲ್ಲಿದ್ದದ್ದು ಹಳದಿ ಅಂಚಿನ ಕಂದು ಚುಕ್ಕೆಗಳು. ಅವು ಒಂದಕ್ಕೊಂದು ಕೂಡಿ ಸೋಗೆ ಒಣಗುತ್ತಿತ್ತು. ಚುಕ್ಕೆಯ ಚೂರುಗಳನ್ನು ಪೋಷಕ ಮಾಧ್ಯಮದಲ್ಲಿ ಬೆಳೆಸಿ ನೋಡಿದಾಗ ಎಲೆಚುಕ್ಕೆಗೆ ಕಾರಣವಾಗುವ ಕೊಲೆಟೋಟ್ರೈಕಮ್ ಶಿಲೀಂಧ್ರ ಕಂಡುಬಂತು.

ಫೈಟೋಪ್ಲಾಸ್ಮಾವನ್ನು ಹೀಗೆ ಬೆಳೆಸಲಾಗದು, ಅದಕ್ಕೆ ರೋಗಾಣುವಿನ ಡಿಎನ್‌ಎ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯೇ ಬೇಕು, ಆ ಸೌಲಭ್ಯ ತಮ್ಮಲ್ಲಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು; ಅನುಮಾನ ಉಳಿದರೆ ಕಾಸರಗೋಡಿನ ಸಿಪಿಸಿಆರ್‌ಐಯನ್ನು (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಳಲು ಸೂಚಿಸಿದರು. ಈ ಪ್ರಾಮಾಣಿಕತೆಯಿಂದಾಗಿ ಉಳಿದ ಮಾತಿನ ಮೇಲೂ ನನಗೆ ನಂಬಿಕೆ ಬಂತು.

ಕೊರತೆಗಳೂ ಇವೆ. ವರದಿ ಕೈಸೇರಲು ಮೂರು ವಾರ ಹಿಡಿಯಿತು. ಮಳೆಹನಿ ಮತ್ತು ಗಾಳಿಯಿಂದ ಹರಡುವ ರೋಗಕ್ಕೆ ಅದು ದೀರ್ಘ ಕಾಲ, ಅಷ್ಟರಲ್ಲಿ ಪಕ್ಕದ ತೋಟದಲ್ಲೂ ಚುಕ್ಕೆ ಕಾಣಿಸಿತ್ತು. ವರದಿ ಇಂಗ್ಲಿಷಿನಲ್ಲಿ ಮಾತ್ರವಿತ್ತು. ಸಿಂಪಡಿಸುವವನ ಕೈಗೆ ಹೋಗುವ ಕಾಗದ ಕನ್ನಡದಲ್ಲಿರಲೇಬೇಕು. ಲೀಟರ್ ನೀರಿಗೆ 1 ಮಿ.ಲೀ. ಪ್ರೊಪಿಕೊನಜೋಲ್ ಶಿಲೀಂಧ್ರನಾಶಕ ಎಂಬ ಪ್ರಮಾಣವನ್ನೂ, ತೀವ್ರವಾಗಿ ತಗುಲಿದ ಸೋಗೆ ಕತ್ತರಿಸಿ ಸುಡಬೇಕೆಂಬುದನ್ನೂ ನಾನೇ ಬರೆದುಕೊಟ್ಟೆ.

ಹೋಗುವವರು ಸೋಗೆಯ ಜೊತೆಗೆ ಒಂದೆರಡು ಕಾಯಿ ಮತ್ತು ಹಸಿ ಬೇರನ್ನೂ ಒಯ್ಯಿರಿ. ನನ್ನಂತೆ ಎರಡು ಸಲ ಅಲೆಯುವುದು ತಪ್ಪುತ್ತದೆ.